ವಿಯೆನ್ನಾದ ಹೋಟೆಲ್ ಇಂಪೀರಿಯಲ್: ಯಾವ ಮಹಡಿ, ಯಾವ ಕಿಟಕಿ ಎಂದು ಕೇಳದೆ ದುಡ್ಡು ಕಟ್ಟಬೇಡಿ

ವಿಯೆನ್ನಾದ ರಿಂಗ್ ರಸ್ತೆಯಲ್ಲಿ, ಕೆರ್ಂಟ್ನರ್ ರಿಂಗ್ 16ನೇ ನಂಬರಿನ ಈ ಕಟ್ಟಡವನ್ನು ಹೋಟೆಲಿಗೆಂದು ಕಟ್ಟಿದ್ದೇ ಅಲ್ಲ. ವುರ್ಟೆಂಬರ್ಗ್‌ನ ಡ್ಯೂಕ್ ಫಿಲಿಪ್ 1860ರ ದಶಕದಲ್ಲಿ ತನ್ನ ವಾಸಕ್ಕೆಂದು ಕಟ್ಟಿಸಿದ ಅರಮನೆ ಇದು. ಡ್ಯೂಕ್ ದಂಪತಿ ಕೆಲವೇ ವರ್ಷ ಇಲ್ಲಿದ್ದು ಮಾರಿಬಿಟ್ಟರು. 1873ರಲ್ಲಿ ವಿಯೆನ್ನಾದಲ್ಲಿ ವಿಶ್ವ ಪ್ರದರ್ಶನ ನಡೆದಾಗ ಅದೇ ಕಟ್ಟಡ ಹೋಟೆಲಾಗಿ ಬಾಗಿಲು ತೆರೆಯಿತು. 1928ರಲ್ಲಿ ಅದರ ತಲೆಯ ಮೇಲೆ ಇನ್ನೆರಡು ಮಹಡಿ ಕೂತವು. ಕೋಣೆ ಆರಿಸುವವರಿಗೆ ಈ ಮೂರು ಇಸವಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು, ಏಕೆಂದರೆ ಇಲ್ಲಿನ 138 ಕೋಣೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಹೊಸ ಹೋಟೆಲಿನಲ್ಲಿ ವರ್ಗ ಆರಿಸಿದರೆ ಸಾಕು, ಕೋಣೆ ತಾನಾಗಿ ಸರಿಯಾಗಿರುತ್ತದೆ. ಇಲ್ಲಿ ಹಾಗಲ್ಲ. ಒಂದೇ ವರ್ಗದ ಹೆಸರಿನಡಿ ಎತ್ತರದ ಸೂರಿನ ಬೆಳಕಿನ ಕೋಣೆಯೂ ಇರಬಹುದು, ಒಳಚೌಕಕ್ಕೆ ಮುಖ ಮಾಡಿದ ಮಬ್ಬು ಕೋಣೆಯೂ ಇರಬಹುದು.

ಮಹಡಿಯಿಂದಲೇ ಶುರು ಮಾಡೋಣ. ಆ ಕಾಲದ ವಿಯೆನ್ನಾದ ಶ್ರೀಮಂತರ ಮನೆಗಳಲ್ಲಿ ಯಜಮಾನರು ಇರುತ್ತಿದ್ದದ್ದು ‘ಬೆಲ್ ಎಟಾಜ್’ ಎಂಬ ಮಹಡಿಯಲ್ಲಿ. ಸೂರು ಅಲ್ಲೇ ಅತಿ ಎತ್ತರ, ಕಿಟಕಿಗಳು ಅಲ್ಲೇ ಅತಿ ದೊಡ್ಡವು. ಮೇಲೇರಿದಂತೆ ಸೂರು ತಗ್ಗುತ್ತದೆ, ಅಲಂಕಾರವೂ ಇಳಿಯುತ್ತದೆ. ‘ಎತ್ತರದ ಮಹಡಿ ಕೊಡಿ’ ಎಂದು ಕೇಳುವುದು ಗಗನಚುಂಬಿ ಹೋಟೆಲುಗಳಿಂದ ಬಂದ ಅಭ್ಯಾಸ. ಇಂಪೀರಿಯಲ್‌ನಲ್ಲಿ ಹಾಗೆ ಕೇಳಿದರೆ ಡ್ಯೂಕನ ಅರಮನೆ ಕೈತಪ್ಪಿ 1928ರ ಸೇರ್ಪಡೆಯ ಮಹಡಿ ಸಿಗುವ ಸಾಧ್ಯತೆಯೇ ಹೆಚ್ಚು. ಆ ಮೇಲಿನ ಕೋಣೆಗಳು ಕೆಟ್ಟವೇನಲ್ಲ. ಹಗುರಾಗಿವೆ, ರಸ್ತೆಯ ಸದ್ದಿನಿಂದ ದೂರ ಇವೆ. ಆದರೆ ಜನ ಈ ಹೋಟೆಲಿಗೆ ಬರುವುದು ರೇಷ್ಮೆ ಹೊದಿಸಿದ ಗೋಡೆ, ತೂಗುದೀಪ, ತಲೆಯೆತ್ತಿ ನೋಡಬೇಕಾದ ಸೂರು ಇವಕ್ಕಾಗಿ. ಅದು ಬೇಕಿದ್ದರೆ ಕೆಳಗಿನ ಮಹಡಿ ಎಂದೇ ಕೇಳಬೇಕು.

ಇನ್ನೊಂದು ಗೊಂದಲವೂ ಇದೆ. ವಿಯೆನ್ನಾದ ಹಳೆಯ ಕಟ್ಟಡಗಳಲ್ಲಿ ನೆಲಮಹಡಿ ಆದ ಮೇಲೆ ‘ಮೆಟ್ಸನೀನ್’ ಎಂಬ ನಡುಮಹಡಿ ಬರುತ್ತದೆ, ಆಮೇಲೆ ‘ಒಂದನೇ ಮಹಡಿ’. ಹೀಗಾಗಿ ಲಿಫ್ಟಿನ ಗುಂಡಿಯಲ್ಲಿ ಬರೆದ ಅಂಕೆಗೂ ನೀವು ಹತ್ತುವ ಮೆಟ್ಟಿಲಿಗೂ ತಾಳೆಯಾಗದೆ ಇರಬಹುದು. ಮಂಡಿ ನೋವಿರುವವರು, ಲಿಫ್ಟ್ ಬೇಡವೆನ್ನುವವರು ಅಂಕೆ ನಂಬದೆ ‘ಬೀದಿಯಿಂದ ಎಷ್ಟು ಮೆಟ್ಟಿಲು’ ಎಂದೇ ಕೇಳುವುದು ಕ್ಷೇಮ.

ದಿಕ್ಕಿನ ವಿಷಯ ಮಹಡಿಗಿಂತ ಮುಖ್ಯ. ಆಯ್ಕೆ ಮೂರು: ಮುಂದೆ ರಿಂಗ್ ರಸ್ತೆ, ಹಿಂದೆ ಬೋಸೆಂಡೋರ್ಫರ್ ಬೀದಿ, ಇಲ್ಲವೇ ಒಳಚೌಕ. ಹೋಟೆಲಿನ ಮುಂದೆ ಡಿ, 2 ಮತ್ತು 71ನೇ ನಂಬರಿನ ಟ್ರಾಮುಗಳು ಓಡುತ್ತವೆ. ನೇರ ಹಳಿಯ ಮೇಲೆ ಅವುಗಳದ್ದು ಗುಡುಗುಡು ಸದ್ದು ಮಾತ್ರ, ಅದಕ್ಕೆ ಕಿವಿ ಬೇಗ ಒಗ್ಗುತ್ತದೆ. ಆದರೆ ಡಿ ಮತ್ತು 71 ಸ್ವಲ್ಪ ಮುಂದೆ ಶ್ವಾರ್ಟ್ಸೆನ್‌ಬರ್ಗ್‌ಪ್ಲಾಟ್ಸ್ ಚೌಕದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜಿ ಬರುವ ಕಿರುಗುಟ್ಟುವ ಸದ್ದು ಬೇರೆಯದೇ ಜಾತಿ, ಅದೂ ಬೆಳಗಿನ ಜಾವ ಐದರ ಹೊತ್ತಿಗೇ ಶುರು. ಹಗುರ ನಿದ್ದೆಯವರು ಚೌಕದ ಕಡೆಯ ಮೂಲೆ ಬಿಟ್ಟು ಬೇರೆ ಕೋಣೆ ಕೇಳಲಿ.

ಇಲ್ಲಿ ವಿಯೆನ್ನಾದ ಕಿಟಕಿಯ ಬಗ್ಗೆ ಎರಡು ಮಾತು. ರಿಂಗ್ ರಸ್ತೆ ಕಟ್ಟಿದ ಕಾಲದ ಕಟ್ಟಡಗಳ ಕಿಟಕಿಗೆ ‘ಕಾಸ್ಟೆನ್‌ಫೆನ್‌ಸ್ಟರ್’ ಎನ್ನುತ್ತಾರೆ, ಅಂದರೆ ಪೆಟ್ಟಿಗೆ ಕಿಟಕಿ. ಹೊರಗೊಂದು ಜೋಡಿ ಬಾಗಿಲು, ಒಂದು ಗೇಣಿನಷ್ಟು ಜಾಗ ಬಿಟ್ಟು ಒಳಗೊಂದು ಜೋಡಿ. ಮಧ್ಯದ ಗಾಳಿಯೇ ಚಳಿಗೂ ಸದ್ದಿಗೂ ತಡೆ. ನಾಲ್ಕೂ ಬಾಗಿಲು ಬಿಗಿಯಾಗಿ ಮುಚ್ಚಿದಾಗ ಈ ವ್ಯವಸ್ಥೆ ಹೊಸ ಎರಡು ಗಾಜಿನ ಕಿಟಕಿಗೆ ಸಮನಾಗಿ ಸದ್ದು ತಡೆಯುತ್ತದೆ. ಒಳಜೋಡಿ ಮುಚ್ಚಿ ಹೊರಜೋಡಿ ಬರಿದೇ ಒತ್ತಿಟ್ಟರೆ ಮಾತ್ರ ಇಡೀ ಬೀದಿ ಒಳಗೆ ಬರುತ್ತದೆ. ಇಂಥ ಕಿಟಕಿಯ ಕೋಣೆಯಲ್ಲಿ ‘ಸದ್ದು ಜಾಸ್ತಿ’ ಎಂದು ಸ್ವಾಗತ ಕಟ್ಟೆಗೆ ಫೋನ್ ಮಾಡುವ ಮುಂಚೆ ಹೊರಬಾಗಿಲಿನ ಹಿಡಿಕೆ ಪೂರ್ತಿ ತಿರುಗಿದೆಯೇ ನೋಡಿ. ಬಹಳ ಸಲ ಕಾರಣ ಅಷ್ಟೇ.

ಹಿಂದಿನ ಕಡೆಯ ಕೋಣೆಗಳಿಗೆ ‘ಮ್ಯೂಸಿಕ್‌ಫೆರೈನ್ ಕಡೆಯ ನೋಟ’ ಎಂಬ ಆಕರ್ಷಣೆ ಇದೆ. ನಿರೀಕ್ಷೆ ಸ್ವಲ್ಪ ತಗ್ಗಿಸಿಕೊಳ್ಳಿ. 1870ರಲ್ಲಿ ತೆರೆದ ಆ ಸಂಗೀತ ಭವನದ ಮುಖ ಕಾರ್ಲ್ಸ್‌ಪ್ಲಾಟ್ಸ್ ಕಡೆಗಿದೆ. ಹೋಟೆಲಿನಿಂದ ಕಾಣುವುದು ಅದರ ಬೆನ್ನು. ಸೊಗಸಾದ ಬೆನ್ನೇ, ಆದರೂ ಬೆನ್ನೇ. ಈ ಕಡೆಯ ನಿಜವಾದ ಲಾಭ ನೆಮ್ಮದಿಯ ನಿದ್ದೆ. ಒಳಚೌಕದ ಕೋಣೆಗಳು ಇನ್ನೂ ನಿಶ್ಶಬ್ದ, ಬೆಲೆಯೂ ಕಡಿಮೆ. ಬೆಳಕು ಮಾತ್ರ ಮಧ್ಯಾಹ್ನದಲ್ಲೂ ಸಂಜೆಯಂತೆ, ನವೆಂಬರಿನಿಂದ ಫೆಬ್ರವರಿವರೆಗೆ ಹಗಲಲ್ಲೂ ದೀಪ ಹಚ್ಚಿಯೇ ಇರಬೇಕು. ಇಡೀ ದಿನ ಮ್ಯೂಸಿಯಮ್, ರಾತ್ರಿ ಸಂಗೀತ ಕಚೇರಿ ಎನ್ನುವವರಿಗೆ ಇದು ಜಾಣ ಆಯ್ಕೆ. ಹಗಲು ಕೋಣೆಯಲ್ಲಿ ಕೂತು ಓದುವವರಿಗಲ್ಲ.

ಕಾಯ್ದಿರಿಸಿದ ಮೇಲೆ ಹೋಟೆಲಿಗೆ ಒಂದು ಮಿಂಚಂಚೆ ಬರೆಯುವುದು ಇಲ್ಲಿ ಬರೀ ಔಪಚಾರಿಕತೆಯಲ್ಲ. ಅದರಲ್ಲಿ ಮಹಡಿ ಮತ್ತು ದಿಕ್ಕಿನ ಜೊತೆ ಇನ್ನೆರಡು ವಿಷಯ ಇರಲಿ. ಒಂದು ಹಾಸಿಗೆ: ಆಸ್ಟ್ರಿಯಾದಲ್ಲಿ ‘ಡಬಲ್ ಬೆಡ್’ ಎಂದರೆ ಬಹಳ ಕಡೆ ಎರಡು ಬಿಡಿ ಹಾಸುಗಳನ್ನು ಒಟ್ಟಿಗೆ ಜೋಡಿಸಿ, ಎರಡು ಬೇರೆ ಬೇರೆ ಹೊದಿಕೆ ಇಟ್ಟ ವ್ಯವಸ್ಥೆ. ಒಂದೇ ಅಖಂಡ ಹಾಸು ಬೇಕೆಂದರೆ ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಸ್ನಾನದ ಮನೆ: ಹಳೆಯ ಕೋಣೆಗಳಲ್ಲಿ ಷವರ್ ಎಂಬುದು ಎತ್ತರ ಅಂಚಿನ ಟಬ್ಬಿನೊಳಗೇ ಇರಬಹುದು. ವಯಸ್ಸಾದವರಿಗೆ ಒದ್ದೆ ಅಮೃತಶಿಲೆಯ ಮೇಲಿಂದ ಆ ಅಂಚು ದಾಟುವುದೇ ಅತಿ ಅಪಾಯದ ಕ್ಷಣ. ‘ನೆಲಮಟ್ಟದ ಷವರ್’ ಎಂದು ಸ್ಪಷ್ಟವಾಗಿ ಬರೆಯಿರಿ. ಈ ಪತ್ರ ಬರುವ ದಿನಕ್ಕೆ ಮೂರು ನಾಲ್ಕು ದಿನ ಮುಂಚೆ ಹೋಗಲಿ. ಕೋಣೆ ಹಂಚಿಕೆ ಸಾಮಾನ್ಯವಾಗಿ ಆ ಹೊತ್ತಿಗೆ ನಡೆಯುತ್ತದೆ. ತಿಂಗಳು ಮುಂಚೆ ಬರೆದದ್ದು ಕಡತದಲ್ಲಿ ಉಳಿಯುತ್ತದೆ, ಹಂಚುವವರ ನೆನಪಿನಲ್ಲಿ ಉಳಿಯುವುದಿಲ್ಲ.

ಹವಾನಿಯಂತ್ರಣದ ದೂರು ಯುರೋಪಿನ ಹಳೆಯ ಹೋಟೆಲುಗಳ ವಿಮರ್ಶೆಗಳಲ್ಲೆಲ್ಲ ಕಾಣುತ್ತದೆ. ಅದರ ಕಾರಣ ಗೊತ್ತಿದ್ದರೆ ಸಿಟ್ಟು ಕಡಿಮೆಯಾಗುತ್ತದೆ. ಇಂಥ ಅನೇಕ ಕಟ್ಟಡಗಳಲ್ಲಿ ಕೋಣೆಕೋಣೆಗೆ ಹೋಗುವ ಕೊಳವೆ ಒಂದೇ ಜೋಡಿ. ಒಂದರಲ್ಲಿ ನೀರು ಬರುತ್ತದೆ, ಇನ್ನೊಂದರಲ್ಲಿ ಮರಳುತ್ತದೆ. ಆ ನೀರು ಒಂದೋ ಬಿಸಿ, ಇಲ್ಲವೇ ತಣ್ಣಗೆ. ಇಡೀ ಕಟ್ಟಡವನ್ನು ಋತು ನೋಡಿ ಒಂದರಿಂದ ಇನ್ನೊಂದಕ್ಕೆ ಹೊರಳಿಸುತ್ತಾರೆ. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಹಠಾತ್ ಸೆಕೆಯಾದರೆ ಗೋಡೆಯ ಗುಂಡಿ 18 ಡಿಗ್ರಿ ತೋರಿಸುತ್ತಿದ್ದರೂ ತಣ್ಣನೆ ಗಾಳಿ ಬರುವುದಿಲ್ಲ. ನೀವು ಹೋಗುವುದು ಆ ತಿಂಗಳುಗಳಲ್ಲಾದರೆ, ಯಾವ ಹೋಟೆಲೇ ಆಗಲಿ, ಮೊದಲೇ ಕೇಳಿಕೊಳ್ಳಿ.

ಇಷ್ಟೆಲ್ಲ ಪರದಾಟ ಇರುವಾಗ ಇಂಪೀರಿಯಲ್ ಯಾಕೆ ಬೇಕು? ಸಂಗೀತಕ್ಕಾಗಿ. ಬೇರೆ ಕಾರಣ ಎಲ್ಲವೂ ಆಮೇಲೆ. ಮ್ಯೂಸಿಕ್‌ಫೆರೈನ್‌ನಲ್ಲಿ ಏಳೂವರೆಗೆ ಕಛೇರಿ ಎಂದರೆ ಏಳೂಕಾಲಿಗೆ ಕೋಣೆ ಬಿಟ್ಟರೆ ಸಾಕು. ಕಟ್ಟಡ ಸುತ್ತಿಕೊಂಡು ಹೋಗಲು ಬೇಕಾದದ್ದು ಎರಡು ಮೂರು ನಿಮಿಷ. ಚಳಿಗಾಲದಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ: ದಪ್ಪ ಕೋಟನ್ನು ಕೋಣೆಯಲ್ಲೇ ಬಿಟ್ಟು ಹೋಗಬಹುದು. ಕಛೇರಿ ಮುಗಿದಾಗ ಕೋಟು ಪಡೆಯಲು ನಿಲ್ಲುವ ಉದ್ದ ಸಾಲಿನಿಂದ ತಪ್ಪಿಸಿಕೊಂಡು, ಉಳಿದವರು ಟಿಕೆಟು ಹಿಡಿದು ಕಾಯುತ್ತಿರುವಾಗ ನೀವು ಊಟಕ್ಕೆ ಕೂತಿರುತ್ತೀರಿ. ಸರ್ಕಾರಿ ಒಪೆರಾ ಕೂಡ ಐದಾರು ನಿಮಿಷದ ನಡಿಗೆ. ಎರಡೂ ಕಡೆ ನಿಂತು ಕೇಳುವ ಅಗ್ಗದ ಜಾಗಗಳಿವೆ. ಇಷ್ಟು ದುಬಾರಿ ಹೋಟೆಲಿನಲ್ಲಿದ್ದು ನಿಂತು ಕೇಳುವುದೇ ಎಂಬ ಸಂಕೋಚ ಬೇಡ, ವಿಯೆನ್ನಾದ ಅಸಲಿ ಕೇಳುಗರು ಇರುವುದು ಅಲ್ಲೇ.

ರಿಚರ್ಡ್ ವ್ಯಾಗ್ನರ್ 1875ರಲ್ಲಿ ತನ್ನ ಒಪೆರಾಗಳ ಪ್ರದರ್ಶನಕ್ಕೆ ಬಂದಾಗ ಕುಟುಂಬದೊಂದಿಗೆ ತಂಗಿದ್ದು ಇಲ್ಲೇ. ಗೋಡೆಯ ಮೇಲೆ ಫಲಕವಿದೆ. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ 1969ರಲ್ಲಿ ತಂಗಿದ್ದೂ ಇಲ್ಲೇ. ಕಟ್ಟಡದ ಚರಿತ್ರೆಯಲ್ಲಿ ಕತ್ತಲ ಪುಟಗಳೂ ಇವೆ. 1938ರ ಮಾರ್ಚಿನಲ್ಲಿ ಆಸ್ಟ್ರಿಯಾವನ್ನು ನುಂಗಿದ ಹಿಟ್ಲರ್ ತಂಗಿದ್ದು ಇದೇ ಹೋಟೆಲಿನಲ್ಲಿ. ಆಗ ಇದರ ಪಾಲುದಾರರಲ್ಲಿ ಒಬ್ಬರಾಗಿದ್ದ ಯಹೂದಿ ಉದ್ಯಮಿ ಸ್ಯಾಮುಯೆಲ್ ಶಾಲಿಂಗರ್ ಅವರಿಂದ ಆಸ್ತಿ ಕಿತ್ತುಕೊಳ್ಳಲಾಯಿತು. 1942ರಲ್ಲಿ ಅವರು ನಾಜಿಗಳ ಥೆರೇಸಿಯೆನ್‌ಸ್ಟಾಟ್ ಶಿಬಿರದಲ್ಲಿ ತೀರಿಕೊಂಡರು. ಯುದ್ಧ ಮುಗಿದ ಮೇಲೆ 1955ರವರೆಗೆ ಕಟ್ಟಡ ಸೋವಿಯತ್ ಆಡಳಿತದ ಕೈಯಲ್ಲಿತ್ತು. 2016ರಿಂದ ಮಾಲೀಕತ್ವ ದುಬೈನ ಅಲ್ ಹಬ್ತೂರ್ ಸಮೂಹದ್ದು, ನಡೆಸುವುದು ಮ್ಯಾರಿಯಟ್ ಹೋಟೆಲ್ ಸರಣಿ. ಆ ಸರಣಿಯ ಸದಸ್ಯತ್ವ ಇರುವವರು ತಮ್ಮ ದರ್ಜೆಗೆ ಬೆಳಗಿನ ಉಪಾಹಾರ ಸೇರಿದೆಯೇ, ಕೋಣೆಯ ವರ್ಗ ಏರಿಕೆ ಉಂಟೇ ಎಂದು ಬರುವ ಮುಂಚೆಯೇ ಖಚಿತ ಮಾಡಿಕೊಳ್ಳಲಿ. ವರ್ಗ ಏರಿಸಿ ಕೊಟ್ಟ ಕೋಣೆ ಇಲ್ಲಿ ಯಾವಾಗಲೂ ಲಾಭವಲ್ಲ ಎಂಬುದನ್ನು ಮರೆಯಬೇಡಿ. ಎರಡನೇ ಮಹಡಿಯ ಹಳೆಯ ಕೋಣೆಯಿಂದ ಮೇಲಿನ ಹೊಸ ಮಹಡಿಯ ದೊಡ್ಡ ಕೋಣೆಗೆ ಕಳಿಸಿದರೆ ಚದರ ಮೀಟರ್ ಹೆಚ್ಚಿತು, ಸೂರು ಇಳಿಯಿತು.

ಖರ್ಚಿನ ಲೆಕ್ಕ. ಅತಿ ಕಡಿಮೆ ವರ್ಗಕ್ಕೂ ರಾತ್ರಿಗೆ 400 ಯೂರೋ ಮೇಲೆಯೇ ಎಂದಿಟ್ಟುಕೊಳ್ಳಿ. ಹೊಸ ವರ್ಷದ ಸಂಗೀತ ಕಛೇರಿಯ ದಿನಗಳಲ್ಲಿ ಮತ್ತು ಸರ್ಕಾರಿ ಒಪೆರಾದ ವಾರ್ಷಿಕ ನೃತ್ಯಕೂಟವಾದ ಒಪೆರಾ ಬಾಲ್ ವಾರದಲ್ಲಿ ದರ ಹೇಳುವಂತಿಲ್ಲ; ಕನಿಷ್ಠ ಇಷ್ಟು ರಾತ್ರಿ ಇರಲೇಬೇಕೆಂಬ ಷರತ್ತು ಹಾಕುವುದೂ ಉಂಟು. ಒಪೆರಾ ಬಾಲ್ ನಡೆಯುವುದು ಈಸ್ಟರ್ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರಕ್ಕೆ ಮುಂಚಿನ ಗುರುವಾರ, ಹಾಗಾಗಿ ಅದರ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಕ್ಯಾಲೆಂಡರ್ ನೋಡದೆ ಫೆಬ್ರವರಿಯ ದಿನ ಗುರುತು ಹಾಕಬೇಡಿ. ಜುಲೈ, ಆಗಸ್ಟಿನಲ್ಲಿ ದರ ಆಕರ್ಷಕ ಅನ್ನಿಸಬಹುದು. ಆದರೆ ಆಗ ಸರ್ಕಾರಿ ಒಪೆರಾಗೆ ರಜೆ, ವಿಯೆನ್ನಾ ಫಿಲ್ಹಾರ್ಮೋನಿಕ್ ಸಾಲ್ಜ್‌ಬರ್ಗ್ ಉತ್ಸವದಲ್ಲಿರುತ್ತದೆ. ಆ ತಿಂಗಳುಗಳಲ್ಲಿ ಮುಖ್ಯವಾಗಿ ಸಿಗುವುದು ಬಿಳಿ ವಿಗ್ ತೊಟ್ಟು ಪ್ರವಾಸಿಗರಿಗಾಗಿ ಮೊಟ್ಸಾರ್ಟ್ ನುಡಿಸುವ ತಂಡಗಳು. ಸಂಗೀತಕ್ಕೆಂದೇ ಈ ಹೋಟೆಲು ಆರಿಸಿದವರಿಗೆ ಬೇಸಿಗೆಯ ಅಗ್ಗ ನಿಜಕ್ಕೂ ಅಗ್ಗವಲ್ಲ. ನವೆಂಬರಿನ ಮೊದಲರ್ಧ, ಜನವರಿ ಎರಡನೇ ವಾರದ ನಂತರ: ಕಾರ್ಯಕ್ರಮ ತುಂಬಿರುತ್ತದೆ, ಜನ ಕಡಿಮೆ.

ತೋರಿಸಿದ ದರದ ಮೇಲೆ ‘ಓರ್ಟ್ಸ್‌ಟಾಕ್ಸೆ’ ಎಂಬ ನಗರ ತೆರಿಗೆ ಬೀಳುತ್ತದೆ. ಕೆಲವು ಊರುಗಳಲ್ಲಿ ಇದು ತಲೆಗಿಷ್ಟು ಎಂಬ ಸಣ್ಣ ಮೊತ್ತ. ವಿಯೆನ್ನಾದಲ್ಲಿ ಕೋಣೆ ಬೆಲೆಯ ಶೇಕಡಾವಾರು. ಬಹುಕಾಲ ಇದು ಶೇಕಡಾ 3.2 ಇತ್ತು, ನೀವು ಕಾಯ್ದಿರಿಸುವಾಗ ದರ ಎಷ್ಟಿದೆ, ಅದು ಒಟ್ಟು ಮೊತ್ತದಲ್ಲಿ ಸೇರಿದೆಯೇ ನೋಡಿ. ದುಬಾರಿ ಕೋಣೆಗೆ ಈ ಶೇಕಡಾವಾರು ಸಣ್ಣ ಮೊತ್ತವಾಗಿ ಉಳಿಯುವುದಿಲ್ಲ.

ಬೆಳಗಿನ ಉಪಾಹಾರ ಬೇರೆಯಾಗಿ ಕೊಂಡರೆ ತಲೆಗೆ 40 ಯೂರೋ ದಾಟುತ್ತದೆ. ಒಂದು ಸಲಕ್ಕೆ ಅಡ್ಡಿಯಿಲ್ಲ. ಉಳಿದ ದಿನ ಸುತ್ತಮುತ್ತಲ ಕಾಫಿಹೌಸುಗಳಲ್ಲಿ ಒಂದು ಮೆಲಾಂಜ್ ಕಾಫಿ, ಗರಿಗರಿ ಸೆಮ್ಮೆಲ್ ಬನ್, ಬೆಣ್ಣೆ, ಏಪ್ರಿಕಾಟ್ ಜಾಮ್, ಗಾಜಿನ ಲೋಟದಲ್ಲಿ ಒಡೆದು ಹಾಕಿದ ಮೆದು ಮೊಟ್ಟೆ ಇಷ್ಟನ್ನು ಅದರ ಅರ್ಧಕ್ಕಿಂತ ಕಡಿಮೆಗೆ ಮುಗಿಸಬಹುದು. ಕೋಣೆಯ ಬಾಟಲಿ ನೀರಿಗಂತೂ ದುಡ್ಡು ಕೊಡಲೇಬೇಡಿ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಒರತೆಯ ನೀರು. ಅದನ್ನು ತರುವ ಮೊದಲ ಕಾಲುವೆ ತೆರೆದದ್ದು 1873ರಲ್ಲಿ, ಹೋಟೆಲು ಶುರುವಾದ ಅದೇ ವರ್ಷ. ಸ್ನಾನದ ಮನೆಯ ನಲ್ಲಿಯ ನೀರೇ ಬಾಟಲಿಯದಕ್ಕಿಂತ ರುಚಿ; ಸ್ವಲ್ಪ ಹೊತ್ತು ಹರಿಯಬಿಟ್ಟರೆ ಮಂಜಿನಂತೆ ತಣ್ಣಗೆ ಬರುತ್ತದೆ.

ಹೋಟೆಲಿನ ಕೆಫೆಯಲ್ಲಿ ವೀನರ್ ಶ್ನಿಟ್ಸೆಲ್ (ಬ್ರೆಡ್ ಪುಡಿ ಹೊದಿಸಿ ಕರಿದ ತೆಳು ಮಾಂಸದ ತುಂಡು) ಕೇಳುವವರಿಗೆ ಒಂದು ಸೂಚನೆ: ಆಸ್ಟ್ರಿಯಾದ ನಿಯಮದಂತೆ ಬರೀ ‘ವೀನರ್ ಶ್ನಿಟ್ಸೆಲ್’ ಎಂದು ಬರೆದಿದ್ದರೆ ಅದು ಕರುವಿನ ಮಾಂಸವೇ ಆಗಿರಬೇಕು, ಹಂದಿಯದಾದರೆ ಹಾಗೆಂದು ಬರೆಯಬೇಕು. ಮಾಂಸ ಬೇಡದವರು ಹಾಗೆಂದು ಮೊದಲೇ ಬಿಡಿಸಿ ಹೇಳಲಿ, ಏಕೆಂದರೆ ತರಕಾರಿ ಸೂಪೆಂದು ಕಂಡದ್ದರ ತಳದಲ್ಲಿ ದನದ ಮೂಳೆಯ ಸಾರು ಇರುವುದು ಈ ಊರಿನ ಅಡುಗೆಯಲ್ಲಿ ಸಾಮಾನ್ಯ. ಬಿಲ್ಲಿಗೆ ಶೇಕಡಾ 5ರಿಂದ 10 ಸೇರಿಸಿ, ಹಣ ಕೊಡುವಾಗಲೇ ಒಟ್ಟು ಎಷ್ಟು ತೆಗೆದುಕೊಳ್ಳಬೇಕೆಂದು ಬಾಯಲ್ಲಿ ಹೇಳುವುದು ಇಲ್ಲಿನ ರೂಢಿ. ಮೇಜಿನ ಮೇಲೆ ಚಿಲ್ಲರೆ ಬಿಟ್ಟೆದ್ದು ಹೋಗುವುದು ಅಲ್ಲ. ಸಾಮಾನು ಹೊತ್ತವರಿಗೆ ಚೀಲಕ್ಕೆ ಎರಡು ಯೂರೋ ಸರಿ.

ಹತ್ತಿರದ ಪೈಪೋಟಿಗಾರರ ಜೊತೆ ಹೋಲಿಸಿದರೆ ಆಯ್ಕೆ ಸುಲಭವಾಗುತ್ತದೆ. ಎಡುವಾರ್ಡ್ ಸಾಖರ್ 1876ರಲ್ಲಿ ಶುರು ಮಾಡಿದ ಹೋಟೆಲ್ ಸಾಖರ್ ಒಪೆರಾದ ಬೆನ್ನಿಗೇ ಇದೆ. ಇಂದಿಗೂ ಅದು ಸರಣಿಯ ಕೈಸೇರದ ಕುಟುಂಬದ ಆಸ್ತಿ. ಒಪೆರಾಗೆಂದೇ ಬರುವವರಿಗೆ ಅದೇ ಸರಿ. ತೊಂದರೆ ಏನೆಂದರೆ ಅದರ ಕೇಕಿನ ಕೀರ್ತಿ. ಬಾಗಿಲಲ್ಲಿ ಹಗಲೆಲ್ಲ ಸಾಲು, ಪಾದಚಾರಿ ದಾರಿ ತುಂಬ ಫೋಟೊ ತೆಗೆಯುವವರು. ಇಂಪೀರಿಯಲ್‌ನ ಹಜಾರದಲ್ಲಿ ಆ ಗದ್ದಲವಿಲ್ಲ. ರಿಂಗ್‌ನ ಎದುರು ಬದಿಯ ಗ್ರ್ಯಾಂಡ್ ಹೋಟೆಲ್ 1870ರದ್ದು, ಹೆಸರಿಗೆ ಇನ್ನೂ ಹಳೆಯದು. ಆದರೆ ನಡುವೆ ಅದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಕಚೇರಿಯಾಗಿದ್ದು, ಮತ್ತೆ ಹೋಟೆಲಾಗಿ ತೆರೆದದ್ದು 1994ರಲ್ಲಿ. ಒಳಗಿನ ‘ಹಳತು’ ಬಹುಪಾಲು ಹೊಸತೇ. ಈಜುಕೊಳ ಬೇಕೆನ್ನುವವರಿಗೆ ಇಂಪೀರಿಯಲ್ಲೂ ಸಾಖರೂ ಅಲ್ಲ. ಅಂಥವರು ಆಮ್ ಹೋಫ್ ಚೌಕದ ಪಾರ್ಕ್ ಹಯಾತ್ ನೋಡಲಿ. ಹಳೆಯ ಬ್ಯಾಂಕಿನ ಕಟ್ಟಡ, ಕೊಳ ಇರುವುದು ಒಂದು ಕಾಲದಲ್ಲಿ ತಿಜೋರಿ ಇದ್ದ ಜಾಗದಲ್ಲಿ.

ತಲುಪುವ ದಾರಿ. ವಿಮಾನ ನಿಲ್ದಾಣದಿಂದ ಸಿಟಿ ಏರ್‌ಪೋರ್ಟ್ ಟ್ರೇನ್ 16 ನಿಮಿಷದಲ್ಲಿ ವೀನ್ ಮಿಟ್ಟೆ ನಿಲ್ದಾಣ ಮುಟ್ಟಿಸುತ್ತದೆ. ಎಸ್7 ಲೋಕಲ್ ರೈಲು ಅದೇ ನಿಲ್ದಾಣಕ್ಕೆ ಸುಮಾರು 25 ನಿಮಿಷ ತೆಗೆದುಕೊಳ್ಳುತ್ತದೆ, ದರ ಮೂರನೇ ಒಂದು ಪಾಲಿನ ಆಸುಪಾಸು. ಅಲ್ಲಿಂದ ಯು4 ಮೆಟ್ರೊದಲ್ಲಿ ಎರಡನೇ ನಿಲ್ದಾಣ ಕಾರ್ಲ್ಸ್‌ಪ್ಲಾಟ್ಸ್. ಸಾಮಾನು ಜಾಸ್ತಿಯಿದ್ದರೆ ಇನ್ನೂ ಒಳ್ಳೆಯ ಹಾದಿ ಎಂದರೆ ದೂರದ ರೈಲಿನಲ್ಲಿ ಹಾಪ್ಟ್‌ಬಾನ್‌ಹೋಫ್ ಎಂಬ ಮುಖ್ಯ ರೈಲು ನಿಲ್ದಾಣಕ್ಕೆ ಬಂದು, ಡಿ ಟ್ರಾಮ್ ಹತ್ತಿ ಶ್ವಾರ್ಟ್ಸೆನ್‌ಬರ್ಗ್‌ಪ್ಲಾಟ್ಸ್‌ನಲ್ಲಿ ಇಳಿಯುವುದು. ಮೆಟ್ರೊ ನಿಲ್ದಾಣದ ಉದ್ದ ಸುರಂಗ ಹಾದಿ ತಪ್ಪುತ್ತದೆ. ಬೆಲ್ವೆಡೇರ್ ಅರಮನೆಗೆ ಹೋಗಲೂ ಅದೇ ಡಿ.

ಕಾರಿನವರಿಗೆ ಎಚ್ಚರಿಕೆ ಎರಡು. 2022ರ ಮಾರ್ಚಿನಿಂದ ಹೆಚ್ಚುಕಡಿಮೆ ಇಡೀ ನಗರ ಅಲ್ಪಾವಧಿ ಪಾರ್ಕಿಂಗ್ ವಲಯ: ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9ರಿಂದ ರಾತ್ರಿ 10ರವರೆಗೆ, ಗರಿಷ್ಠ ಎರಡು ಗಂಟೆ. ಬೀದಿಯಲ್ಲಿ ನಿಲ್ಲಿಸುವ ಯೋಚನೆ ಬಿಡಿ. ಎರಡನೆಯದು, ರಿಂಗ್ ರಸ್ತೆ ಏಕಮುಖ. ಹೋಟೆಲು ದಾಟಿಬಿಟ್ಟರೆ ಹಿಂದೆ ತಿರುಗುವಂತಿಲ್ಲ, ಸುತ್ತಬೇಕು. ಏಪ್ರಿಲಿನ ಮ್ಯಾರಥಾನ್, ಜೂನಿನ ಮೆರವಣಿಗೆ, ಆಗಾಗಿನ ಪ್ರತಿಭಟನೆ ಇವುಗಳಿಗೆಲ್ಲ ರಿಂಗ್ ಮುಚ್ಚುತ್ತಾರೆ. ಆ ದಿನಗಳಲ್ಲಿ ಟ್ರಾಮೂ ಇಲ್ಲ, ಟ್ಯಾಕ್ಸಿಯೂ ಬಾಗಿಲಿಗೆ ಬರುವುದಿಲ್ಲ. ಚಾಲಕನಿಗೆ ಹಿಂಬದಿಯ ಬೋಸೆಂಡೋರ್ಫರ್ ಬೀದಿಯ ಹೆಸರು ಹೇಳಿ. ಹೊರಡುವ ದಿನ ಭಾನುವಾರವಾದರೆ ರಸ್ತೆ ಮುಚ್ಚಿದೆಯೇ ಎಂದು ಹಿಂದಿನ ಸಂಜೆಯೇ ಹೋಟೆಲಿನಲ್ಲಿ ಅತಿಥಿಗಳಿಗೆ ನೆರವಾಗುವ ಕನ್ಸಿಯರ್ಜ್ ಬಳಿ ವಿಚಾರಿಸಿಕೊಳ್ಳಿ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ರೈಲು ನಿಲ್ದಾಣದವು ಬಿಟ್ಟು. ಊರಿಗೆ ಒಯ್ಯುವುದನ್ನು ಶನಿವಾರವೇ ಕೊಳ್ಳಬೇಕು.

ಒಯ್ಯುವುದೇ ಆದರೆ ಹೋಟೆಲಿನದೇ ಕೇಕಾದ ಇಂಪೀರಿಯಲ್ ಟೋರ್ಟೆ ಒಯ್ಯಿರಿ. ದುಂಡಗಿನ ಸಾಖರ್ ಟೋರ್ಟೆ ಏಪ್ರಿಕಾಟ್ ಜಾಮ್ ಸವರಿದ ಚಾಕೊಲೇಟ್ ಕೇಕು. ಹಾಲುಕೆನೆಯ ಜೊತೆ ಸ್ಥಳದಲ್ಲೇ ತಿನ್ನಲು ಅದು ಚೆಂದ, ದಿನ ಕಳೆದಂತೆ ಒಣಗುತ್ತದೆ. ಇಂಪೀರಿಯಲ್‌ದು ಚೌಕ, ತೆಳ್ಳನೆಯ ಬಾದಾಮಿ ಪದರಗಳ ನಡುವೆ ಕೋಕೋ ಕೆನೆ, ಸುತ್ತಲೂ ಮಾರ್ಜಿಪಾನ್ (ಬಾದಾಮಿ, ಸಕ್ಕರೆ ಅರೆದು ಮಾಡಿದ ಕಣಕ), ಮೇಲೆ ಚಾಕೊಲೇಟ್. ತೇವ ಹೊರಹೋಗದಂತೆ ಮಾರ್ಜಿಪಾನ್ ತಡೆಯುವುದರಿಂದ ವಾರಗಟ್ಟಲೆ ಕೆಡದೆ ಇರುತ್ತದೆ, ಮರದ ಪೆಟ್ಟಿಗೆಯಲ್ಲಿ ಬರುವುದರಿಂದ ಸೂಟ್‌ಕೇಸಿನಲ್ಲಿ ಜಜ್ಜುವುದೂ ಇಲ್ಲ. ಫ್ರಿಜ್ಜಿನಲ್ಲಿಡಬೇಡಿ, ಚಾಕೊಲೇಟ್ ಮೇಲೆ ಬಿಳಿ ಪುಡಿಯಂಥ ಪೊರೆ ಕಟ್ಟುತ್ತದೆ. ಬೆರಳಗಲದ ತುಂಡು ಸಾಕು. ಅದಕ್ಕಿಂತ ದಪ್ಪ ಕತ್ತರಿಸಿದರೆ ಸಿಹಿ ಬಾಯಿ ಕಟ್ಟುತ್ತದೆ.